ಜಾಲಿಯ ಕೊಡತಿ

ನಾನು ಬಡಿಗ. ಬಡಿಗನಾಗಿದ್ದೆ ಎನ್ನಬೇಕು, ಆದರೆ ಹಾಗೆ ಹೇಳಲು ನಾಲಿಗೆ ಇನ್ನೂ ಒಪ್ಪುವುದಿಲ್ಲ. ಅಬಲೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಹಿರೇಕೆರೂರಿನ ಒಂದು ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದೆ. ಬಾಗಿಲು, ಕಿಟಕಿ, ಮಂಚ, ತೊಟ್ಟಿಲು, ಏನು ಹೇಳಿದರೂ ಮಾಡಿಕೊಟ್ಟೆ. ಹೋದ ವರ್ಷ ಗೋವಿನಜೋಳದ ರಾಶಿ ಮುಗಿದ ಹೊತ್ತಿನಲ್ಲಿ, ಒಂದು ಬೆಳಿಗ್ಗೆ ಮುಖ ತೊಳೆಯಲು ಕೂತವನಿಗೆ ತಂಬಿಗೆ ಎತ್ತಲು ಆಗಲಿಲ್ಲ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಲಕ್ವಾ ಹೊಡೆದಿತ್ತು. ಹಾವೇರಿಯ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಬಾಯಿ ಸರಿಮಾಡಿ, ಕಾಲನ್ನು ಕುಂಟಿ ನಡೆಯುವಷ್ಟು ಸರಿಮಾಡಿ, ಕೈಯನ್ನು ಅರ್ಧಕ್ಕೇ ಬಿಟ್ಟು ಮನೆಗೆ ಕಳಿಸಿದರು. ಬೆರಳು ಮಡಚುತ್ತವೆ. ಹಿಡಿತವಿಲ್ಲ. ಹಿಡಿದರೆ ನಡುಗುತ್ತವೆ.

ಅಂಗಡಿಯ ಈಗಿನ ಯಜಮಾನ ನನ್ನ ಕೈಯಲ್ಲೇ ಕೆಲಸ ಕಲಿತವನು. ನೋಡಲು ಬಂದಾಗ ಅಂವ ಒಳ್ಳೆಯ ಮಾತನ್ನೇ ಆಡಿದ.

"ಕಾಕಾ, ಸುಮ್ನ ಬಂದು ಕುಂದ್ರರಿ. ಹುಡುಗ್ರಿಗೆ ಅದು ತಪ್ಪು ಇದು ತಪ್ಪು ಅಂತ ಹೇಳಿದ್ರ ಸಾಕು. ಪಗಾರ ನಾ ಕೊಡ್ತೇನಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಲಕ್ವಾ ಅದೊಂದನ್ನು ಮುಟ್ಟಿರಲಿಲ್ಲ.

"ಕುಂತು ಉಣ್ಣಾಕ ಬರಾಂಗಿಲ್ಲೋ ನಾನು. ನಿನಗ ಏನ್ ಹೇಳಿದ್ದೆ, ನೆನಪೈತಿಲ್ಲೋ? ಕೊಡತಿ ಮಾಡ್ಕೊಂಡ ಬರ್ತೇನಿ. ಆದ್ರ ಕೆಲಸ ಕೊಡು, ಆಗದಿದ್ರ ಬ್ಯಾಡ."

ಅಂಗಡಿಯಲ್ಲಿ ಈ ಕಟ್ಟಳೆ ಮಾಡಿದವನು ನಾನೇ. ಹೊಸಬ ಯಾರೇ ಬರಲಿ, ಮೊದಲು ತನ್ನ ಕೊಡತಿಯನ್ನು ತಾನೇ ಮಾಡಿಕೊಳ್ಳಬೇಕು. ಉಳಿಯ ತಲೆಗೆ ಬಡಿಯುವ ಕಟ್ಟಿಗೆಯ ಸುತ್ತಿಗೆ ಅದು, ನೋಡಲು ಏನೂ ಅಲ್ಲ. ಒಂದು ಗೇಣು ಕಟ್ಟಿಗೆ, ಅದಕ್ಕೊಂದು ತೂತು, ತೂತಿಗೊಂದು ಕಾವು, ಅಂದರೆ ಹಿಡಿಕೆ. ಆದರೆ ಅಷ್ಟರಲ್ಲೇ ಮನುಷ್ಯನ ಕೈ ಎಂಥದ್ದೆಂದು ಗೊತ್ತಾಗುತ್ತದೆ. ಇದೇ ಯಜಮಾನ ಮೀಸೆ ಮೂಡದ ವಯಸ್ಸಿನಲ್ಲಿ ಬಂದಾಗ, ಅವನು ಮಾಡಿ ತಂದ ಕೊಡತಿಯನ್ನು ಮೂರು ಸಲ ಒಲೆಗೆ ಹಾಕಿಸಿದ್ದೆ. ಮೂರನೆಯ ಸಲ ಅಂವ ಅತ್ತಿದ್ದ. ನಾನು ನಕ್ಕಿದ್ದೆ.

ಅಟ್ಟದ ಮೇಲೆ ತಿಳವಳ್ಳಿ ಕಡೆಯಿಂದ ತಂದಿಟ್ಟ ಜಾಲಿಯ ತುಂಡೊಂದಿತ್ತು, ಒಳಗಿನ ಕೆಂಪು ಚೇಗು, ಎರಡು ಬೇಸಿಗೆ ಕಂಡು ಚೆನ್ನಾಗಿ ಒಣಗಿದ್ದು. ಹೆಂಡತಿ ಅದನ್ನು ಇಳಿಸಿಕೊಟ್ಟಳು. ಪಡಸಾಲೆಯಲ್ಲಿ ಕೂತು, ತುಂಡನ್ನು ಎರಡೂ ಪಾದಗಳ ನಡುವೆ ಅವುಚಿ, ಎಡಗೈಯಿಂದ ಗರಗಸ ಎಳೆದೆ. ಮೊದಲು ಅರ್ಧ ತಾಸಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಗರಗಸದ ಗೆರೆ ಹಾವು ಹರಿದಂತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಗರಗಸದ ಹಲ್ಲನ್ನು ಬೈದೆ, ಕಟ್ಟಿಗೆಯನ್ನು ಬೈದೆ, ಬಿಸಿಲನ್ನು ಬೈದೆ. ಹೆಂಡತಿ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ನಡುವೆ ಬಂದು ಚಹಾ ಇಟ್ಟು ಹೋಗುತ್ತಿದ್ದಳು.

ಕಷ್ಟವಿದ್ದದ್ದು ತೂತಿನಲ್ಲಿ. ಒಂದೇ ಕಡೆಯಿಂದ ತೋಡುತ್ತ ಹೋದರೆ ಇನ್ನೊಂದು ಕಡೆ ಕಟ್ಟಿಗೆ ಸಿಗಿದುಹೋಗುತ್ತದೆ. ಅದಕ್ಕೇ ಮೇಲಿನಿಂದ ಅರ್ಧ, ಕೆಳಗಿನಿಂದ ಅರ್ಧ ತೋಡಿ, ಎರಡನ್ನೂ ನಟ್ಟನಡುವೆ ಕೂಡಿಸಬೇಕು. ಮೇಲಿನ ಬಾಯಿ ಕೆಳಗಿನದಕ್ಕಿಂತ ಒಂದು ಕೂದಲೆಳೆಯಷ್ಟು ಅಗಲ ಇರಬೇಕು. ಕಾವನ್ನು ಮೇಲಿನಿಂದ ಇಳಿಸಿದರೆ, ಬಡಿದಷ್ಟೂ ಬಿಗಿಯಾಗುತ್ತ ಹೋಗುತ್ತದೆ. ಮೊಳೆ ಬೇಡ, ಬೆಣೆ ಬೇಡ. ನಡುಗುವ ಬಲಗೈಯಲ್ಲಿ ಉಳಿ ಹಿಡಿದು, ಎಡಗೈಯಲ್ಲಿ ನಮ್ಮಪ್ಪನ ಕಾಲದ ಹಳೇ ಕೊಡತಿಯಿಂದ ಬಡಿದೆ. ಉಳಿ ಜಾರಿತು, ವಾಲಿತು, ಒಮ್ಮೆ ಹೆಬ್ಬೆರಳಿಗೇ ಕೂತಿತು. ಹತ್ತು ದಿನ ತೋಡಿದ ಮೇಲೆ ಎರಡು ತೂತುಗಳು ಮುಟ್ಟಿದವು, ಆದರೆ ಕೂಡಲಿಲ್ಲ. ನಡುವೆ ಬೆರಳು ದಪ್ಪದ ಮೆಟ್ಟಿಲೊಂದು ನಿಂತಿತ್ತು. ಅಂದು ಕೊಡತಿಯನ್ನು ಮೂಲೆಗೆ ಎಸೆದು, ಡಾಕ್ಟರು ಹೇಳಿದ ಹಾಗೆ ದಿನಾ ಸಂಜೆ ಮಾಡುತ್ತಿದ್ದಂತೆ ಗುಡಿಯವರೆಗೆ ನಡೆಯಲು ಹೋದೆ. ಆ ಕುಂಟು ನಡಿಗೆಗೆ ಹೋಗಿ ಬರಲು ಒಂದೂವರೆ ತಾಸು ಬೇಕು.

ಮರುದಿನ ಬೆಳಿಗ್ಗೆ ಮತ್ತೆ ಎತ್ತಿಕೊಂಡಾಗ ಆ ಮೆಟ್ಟಿಲು ತೆಳ್ಳಗಾಗಿದ್ದಂತೆ ಕಂಡಿತು. ನಿನ್ನೆ ಸಿಟ್ಟಿನಲ್ಲಿ ಸರಿಯಾಗಿ ನೋಡಿರಲಿಲ್ಲ ಎಂದುಕೊಂಡೆ. ಅಂದು ಸ್ವಲ್ಪ ತೋಡಿದೆ. ಅದರ ಮರುದಿನ ಇನ್ನೂ ತೆಳ್ಳಗಾಗಿತ್ತು. ಐದಾರು ದಿನ ಹೀಗೇ ನಡೆಯಿತು. ಕೈ ಬರುತ್ತಿದೆ ಎಂದು ನಂಬಿದೆ. ಅಯ್ಯೋ, ಎಷ್ಟು ಆಸೆಯಿಂದ ನಂಬಿದೆ! ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ ಹೇಳಿದೆ: "ಸೋಮವಾರದಿಂದ ಹೊಂಟೆ ನೋಡ್ರಿ ಅಂಗಡಿಗೆ. ಕೈ ಬಂತು." ಯಜಮಾನನಿಗೂ ಫೋನ್ ಮಾಡಿಸಿ ಹೇಳಿದೆ. ಅಂವ ಖುಷಿಯಿಂದ ಕೂಗಿಯೇಬಿಟ್ಟ.

ಶುಕ್ರವಾರ ಬೆಳಿಗ್ಗೆ, ಕಾವು ಕೂರಿಸುವ ಮುಂಚೆ ಕೊಡತಿಯನ್ನು ಬಾಗಿಲ ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ತೂತಿನೊಳಗೆ ನೋಡಿದೆ. ಹೊಸಬರ ಕೊಡತಿಯನ್ನು ನಾನು ಯಾವಾಗಲೂ ಹಾಗೇ ನೋಡುತ್ತಿದ್ದುದು. ಒಳಗೆ ಉಳಿಯ ಏಟುಗಳು ಸ್ವಚ್ಛವಾಗಿ ಕಾಣುತ್ತಿದ್ದವು. ಬಾಯಿಯ ಹತ್ತಿರದವು ದೊಡ್ಡವು, ಒಂದಕ್ಕೊಂದು ಸಂಬಂಧವಿಲ್ಲದವು, ಎಲ್ಲವೂ ಬಲಕ್ಕೆ ವಾಲಿದವು. ಎಡಗೈಯಿಂದ ಹೊಡೆಯುವ ನನ್ನ ಏಟುಗಳು. ನಡುವೆ ಮಾತ್ರ ಸಣ್ಣ ಸಣ್ಣ ಏಟುಗಳು ಸಾಲಾಗಿ, ಒತ್ತೊತ್ತಾಗಿ, ಎಡಕ್ಕೆ ವಾಲಿ ಬಿದ್ದಿದ್ದವು. ಬಲಗೈಯಿಂದ ಹೊಡೆಯುವವರ ಏಟುಗಳು. ಮನೆಯಲ್ಲಿ ಇದ್ದವರು ನಾವಿಬ್ಬರೇ.

ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಇದನ್ನ ಯಾರು ಮುಟ್ಯಾರ?"

ಬಡಿಯುವ ಕೈ ನಿಂತಿತು. "ಯಾರ್ ಮುಟ್ತಾರ್ರಿ?"

"ಸುಳ್ಳು ಹೇಳಬ್ಯಾಡ. ನನ್ನ ಎಡಗೈ ಹಿಂಗ ಹೊಡಿಯಾಂಗಿಲ್ಲ."

ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನಾನರಿ," ಎಂದಳು. "ನೀವು ಗುಡಿ ಕಡೆ ಹೋದಾಗ ಮಾಡತಿದ್ದೆ. ನಿಮ್ಮ ಮಾರಿ ನೋಡಾಕ ಆಗಲಿಲ್ರಿ ನನಗ."

ನಾನು ಕೊಡತಿಯನ್ನು ಎಸೆದೆ. ಎಡಗೈಯಲ್ಲಿ ಎಸೆದದ್ದು, ಅದೂ ನೆಟ್ಟಗೆ ಹೋಗಲಿಲ್ಲ, ಹಿಟ್ಟಿನ ಪರಾತಕ್ಕೆ ತಾಗಿ ಬಿತ್ತು. ಬಾಯಿಗೆ ಬಂದದ್ದೆಲ್ಲ ಬೈದೆ. ಈ ಹೆಂಗಸು ಒಮ್ಮೆ ಡಬ್ಬಿಯ ಮುಚ್ಚಳ ತೆಗೆಯಲು ನನ್ನ ಉಳಿ ಮುಟ್ಟಿದಳೆಂದು ಎರಡು ದಿನ ಮಾತು ಬಿಟ್ಟವನು ನಾನು. ಅಂಥವಳು ನನ್ನ ಉಳಿ ಹಿಡಿದಿದ್ದಳು, ನನ್ನ ಅಪ್ಪನ ಕೊಡತಿ ಎತ್ತಿದ್ದಳು. ಅದಕ್ಕಿಂತ ಹೆಚ್ಚು ಉರಿದದ್ದು ಬೇರೆ ಮಾತಿಗೆ, ಅದನ್ನು ಇಲ್ಲಿ ಹೇಳಿಯೇಬಿಡುತ್ತೇನೆ. ಅವಳ ಕೆಲಸ ಚೆನ್ನಾಗಿತ್ತು.

"ಯಾರು ಕಲಿಸಿದ್ರು ನಿನಗ?" ಎಂದೆ, ಬೈದು ಬೈದು ಸಾಕಾದ ಮೇಲೆ.

"ಕಲಿಸಾಕ ಯಾರ್ ಬೇಕ್ರಿ? ಆಯ್ತವಾರ ಬಂದ್ರ ನೀವು ಪಡಸಾಲ್ಯಾಗ ಕುಂತು ಬಡೀತಿದ್ರಿ. ಮೂವತ್ತು ವರ್ಷ ಒಳಗ ಕುಂತು ಕೇಳೀನಲ್ಲ."

"ಮಾಡು ನೋಡೋಣು. ನನ್ನ ಮುಂದ ಮಾಡು."

ಒಲ್ಲೆ ಎಂದಳು. ಮಾಡು ಎಂದು ಗದರಿದೆ. ಅವಳು ಕೊಡತಿಯನ್ನು ಎತ್ತಿ, ಹಿಟ್ಟು ಒರೆಸಿ, ಪಡಸಾಲೆಯಲ್ಲಿ ನನ್ನ ಜಾಗದಲ್ಲಿ ಕೂತಳು. ಅದನ್ನು ಪಾದಗಳಲ್ಲಿ ಅವುಚಿ, ಉಳಿಯನ್ನೂ ನಮ್ಮಪ್ಪನ ಹಳೇ ಕೊಡತಿಯನ್ನೂ ಕೈಗೆತ್ತಿಕೊಂಡಳು. ಎರಡು ಸಣ್ಣ ಏಟು, ಒಂದು ದೊಡ್ಡದು, ಆಮೇಲೆ ಪುಡಿ ಊದುವಷ್ಟು ಹೊತ್ತು ತಡೆದು ಮತ್ತೆ ಎರಡು ಸಣ್ಣವು. ಅದು ನನ್ನ ಏಟು. ನಮ್ಮಪ್ಪನ ಏಟು. ಅಂಗಡಿಯಲ್ಲಿ ಯಾರಿಗೆ ಎಷ್ಟು ಹೇಳಿಕೊಟ್ಟರೂ ಬಂದಿರಲಿಲ್ಲ. ನಾನು ಗೋಡೆಗೆ ಆತು ನಿಂತು ಕೇಳಿದೆ. ನನ್ನ ಪಡಸಾಲೆಯಿಂದ ನನ್ನ ಕೆಲಸದ ಸದ್ದು ಬರುತ್ತಿತ್ತು, ನಾನು ಅಲ್ಲಿ ಬೇಡವಾಗಿದ್ದೆ. ಲಕ್ವಾ ಹೊಡೆದ ದಿನ ಅಳದವನು ಅಂದು ಅತ್ತುಬಿಟ್ಟೆ. ಅವಳು ತಲೆ ಎತ್ತಲಿಲ್ಲ. ಕಾವನ್ನೂ ಅವಳೇ ಕೂರಿಸಿದಳು.

ಭಾನುವಾರ ಯಜಮಾನನ ಫೋನ್ ಬಂತು. ಅವಳು ಸ್ಪೀಕರ್ ಹಚ್ಚಿ ನನ್ನ ಮುಂದೆ ಹಿಡಿದಳು.

"ಕಾಕಾ, ಕೊಡತಿ ಆತೇನ್ರಿ?"

"ಆತು. ಬೇಷ್ ಆಗೇತಿ. ಆದ್ರ ನಾ ಮಾಡಿದ್ದಲ್ಲೋ ತಮ್ಮಾ."

"ಮತ್ಯಾರು ಮಾಡ್ಯಾರ?"

ಹೇಳಬಾರದು ಎಂದು ಅವಳು ಕಣ್ಣಲ್ಲೇ ಬೇಡಿದಳು. ಆದರೂ ಹೇಳಿದೆ. "ನಿಮ್ಮ ಕಾಕಿ ಮಾಡ್ಯಾಳ. ಕೆಲಸ ಕೊಡೂದಿದ್ರ ಆಕಿಗೆ ಕೊಡು. ನಿನ್ನ ಅಂಗಡ್ಯಾಗ ಅಂಥಾ ಕೈ ಯಾರದೂ ಇಲ್ಲ."

ಅತ್ತ ಕಡೆ ಅಂವ ಹೋ ಎಂದು ನಕ್ಕ. ಅವನ ಸಂಗಡ ಇದ್ದ ಇನ್ನೂ ಇಬ್ಬರು ಮೂವರು ನಕ್ಕದ್ದೂ ಕೇಳಿಸಿತು. "ಚಾಷ್ಟಿ ಮಾಡಬ್ಯಾಡ್ರಿ ಕಾಕಾ! ಹೆಣ್ಮಕ್ಕಳು ಕೊಡತಿ ಮಾಡತಾರೇನ್ರಿ? ನಾಳೆ ಬರ್ರಿ, ನಿಮ್ಮ ಜಾಗಾ ಖಾಲಿನ ಐತಿ."

ಅವಳು ಫೋನ್ ಬಂದ್ ಮಾಡಿದಳು. ಇದೇ ಮಾತಿಗೆ ಹಿಂದಿನ ವರ್ಷವಾಗಿದ್ದರೆ ನಾನು ಅವನಿಗಿಂತ ಜೋರಾಗಿ ನಗುತ್ತಿದ್ದೆ. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಸೋಮವಾರ ಅವಳು ಎಂದಿನ ರೂಢಿಯಲ್ಲಿ ಬೇಗ ಎದ್ದು ಬುತ್ತಿ ಕಟ್ಟಿದಳು, ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಬುತ್ತಿಯ ಪಕ್ಕದಲ್ಲಿ ಕೊಡತಿ ಇಟ್ಟಳು. ಎಂಟರ ಬಸ್ಸು ಬಂದು ಹಾರ್ನ್ ಹೊಡೆಯಿತು. ಕಂಡಕ್ಟರ್ ನನ್ನನ್ನು ಬಲ್ಲವನು, ಇನ್ನೊಂದು ಸಲ ಹೊಡೆಸಿದ. ನಾನು ಏಳಲಿಲ್ಲ. ಏಳಿ ಎಂದು ಅವಳೂ ಅನ್ನಲಿಲ್ಲ. ಬಸ್ಸಿನ ಸದ್ದು ದೂರವಾದ ಮೇಲೆ ಅವಳು ಬುತ್ತಿಯ ಗಂಟು ಬಿಚ್ಚಿ ನನ್ನ ಮುಂದೆ ಇಟ್ಟಳು, ಇಬ್ಬರೂ ಅಲ್ಲೇ ಕೂತು ಉಂಡೆವು.