ಕೊಡ ಅಲ್ಲ, ಕೋಡಗ

ಆಗ ನನಗ ಹದಿನೇಳು. ಅರವತ್ತು ವರ್ಷದ ಮ್ಯಾಲಾತು. ಬಿಜಾಪುರದಾಗ ಸೊಲ್ಲಾಪುರ ರಸ್ತಾದ ಮಗ್ಗಲ ಹುಟ್ಟಿ ಬೆಳದಾಕಿನ್ನ ಬಬಲೇಶ್ವರದ ಕಡೆ ನಿಡೋಣಿಗೆ ಕೊಟ್ಟಿದ್ರು. ಚೊಚ್ಚಲ ಕೂಸಿಗೆ ಇನ್ನಾ ಕತ್ತು ನಿಂತಿರಲಿಲ್ಲ.

ನಮ್ಮ ಅತ್ತಿದು ಕಣ್ಣು ಮಬ್ಬು, ಬಾಯಾಗ ಹಲ್ಲಿಲ್ಲ. ಆ ಮನ್ಯಾಗ ಮಂಗ್ಯಾ ಅನ್ನಂಗಿರಲಿಲ್ಲ. ಅಂದ್ರ ಬರ್ತೈತಂತ. ಅಷ್ಟು ನನಗ ಗೊತ್ತಿತ್ತು. ಅದರ ಬದಲಿ ಏನನ್ನಬೇಕು ಅಂತ ಯಾರೂ ಹೇಳಿರಲಿಲ್ಲ.

ಒಂದಿನ ಮಟಮಟ ಮಧ್ಯಾಹ್ನ. ಗಂಡಸರು ಹೊಲಕ್ಕ ಹೋಗಿದ್ರು. ಅಂಗಳದ ಬೇವಿನ ಗಿಡಕ್ಕ ಕಟ್ಟಿದ ತೊಟ್ಟಿಲದಾಗ ಕೂಸು ಮಲಗಿತ್ತು. ಅತ್ತಿ ಕಟ್ಟಿ ಮ್ಯಾಲ ಕುಂತಿದ್ಲು. ಗುಬ್ಬಿ ಒಮ್ಮಿಗೇ ಸುಮ್ಮನಾದವು. ನಾಯಿ ಬೊಗಳಲಿಲ್ಲ, ಕುಂಯ್‌ಗುಟ್ಟಿ ಬಂಡಿ ಕೆಳಗ ಹೊಕ್ಕಿತು.

"ಏ ಹುಡುಗೀ, ಕೋಡಗ! ಒಳಗ ತಗೋ, ಲಗೂನ!" ಅಂದ್ಲು ಅತ್ತಿ.

ನನಗ ಕೇಳಿದ್ದು ಕೊಡ. ಬಾಗಲ್ದಾಗಿನ ತಾಮ್ರದ ಕೊಡ ಎತ್ತಿ ಒಳಗ ಇಟ್ಟು ಬಂದೆ.

ಬಂದು ನೋಡಿದ್ರ ತೊಟ್ಟಿಲ ತೂಗಾಕತ್ತಿತ್ತು. ಕರಿ ಮಾರಿ ಹೆಣ್ಣು ಮಂಗ್ಯಾ ಒಂದು ಕೈಲೆ ಹಗ್ಗ ಹಿಡಿದು ನಿಂತಿತ್ತು. ಇನ್ನೊಂದು ಕೈಯಾಗ ಸತ್ತ ಮರಿ, ಒಣಗಿ ಚಕ್ಕಳ ಆಗಿತ್ತು. ಅದನ್ನ ನನ್ನ ಕೂಸಿನ ಮಗ್ಗಲ ಮಲಗಿಸ್ತು. ಆಮ್ಯಾಲ ನನ್ನ ಕೂಸಿನ ಎದಿ ಮ್ಯಾಲ ಕೈ ಇಟ್ಟು, ನನ್ನ ನೋಡ್ತು. ಕೂಸು ಅಳಲಿಲ್ಲ.

"ಅತ್ತೀ, ಮಂಗ್ಯಾ ಐತ್ರಿ. ತನ್ನ ಸತ್ತ ಮರಿ ಇಟ್ಟು ನಮ್ಮದನ್ನ ಒಯ್ತೈತ್ರಿ!"

"ಚೀರಬ್ಯಾಡ. ಬಡಿಗಿ ಮುಟ್ಟಬ್ಯಾಡ." ಅತ್ತಿ ಗಿಡದ ಕಡೆ ಮಾರಿ ತಿರುವಿ, ಮಗ್ಗಲಮನಿ ಹೆಂಗಸಿಗೆ ಹೇಳಿದಂಗ ಹೇಳಿದ್ಲು: "ಕೋಡಗವ್ವಾ, ನಿಂದು ನೀ ತಗೊಂಡು ಹೋಗವ್ವಾ."

ಅದು ತನ್ನದನ್ನ ಎತ್ತಿ, ಎದಿಗೆ ಅವಚಿಕೊಂಡು ಗಿಡ ಏರಿ ಹೋತು.

ಕೂಸಿನ್ನ ಎತ್ತಿಕೊಂಡು ಅತ್ತಿ ಮಗ್ಗಲ ಬಂದು ಕುಂತೆ. "ಕೋಡಗ ಅಂದ್ರ ಅದು ಅಂತ ಮೊದಲ ಹೇಳಬಾರದನ್ರಿ?"

"ಹಳೀ ಮಾತು ಬೇ. ನಮ್ಮಜ್ಜಿ ಕಾಲದಾಗ ಎಲ್ಲಾರೂ ಹಂಗ ಅಂತಿದ್ರು. ಈಗ ಮಂದಿ ಮರ್ತಾರ, ಅದೂ ಮರ್ತೈತಿ. ಮಂಗ್ಯಾ ಅಂದ್ರ ಅದಕ್ಕ ತಿಳಿತೈತಿ, ಕೋಡಗ ಅಂದ್ರ ತಿಳಿಯಂಗಿಲ್ಲ. ಅದಕ್ಕ ಈ ಮನ್ಯಾಗ ಉಳಿಸೇವಿ. ಬಿಜಾಪುರದಾಕಿಗೆ ಕೊಡ ಒಂದ ಗೊತ್ತು."

"ತಿಳಿಯಂಗಿಲ್ಲಂದ್ರ ಈಗ ಹೆಂಗ ತಿಳೀತ್ರಿ?"

ಅತ್ತಿಯ ಮಬ್ಬುಗಣ್ಣು ಗಿಡದ ಮ್ಯಾಲೇ ಇದ್ವು.

ಹಳಗನ್ನಡದ ಪುಸ್ತಕದಾಗ ಮಂಗ್ಯಾಕ ಕೋಡಗ ಅಂತ ಬರದಾರಂತ, ಸಾಲಿ ಮಾಸ್ತರೊಬ್ರು ಮುಂದ ಹೇಳಿದ್ರು. ಬರದಿರಬಹುದು. ನಾ ಅದನ್ನ ಮತ್ತ ಬಾಯಾಗ ತರಲಿಲ್ಲ.

ಮರುದಿನ ಮುಂಜಾನೆ ಗಿಡದಾಗಿನ ತೊಟ್ಟಿಲ ಬಿಚ್ಚಿದೆ. ಕೂಸಿನ್ನ ಸೆರಗಿನ್ಯಾಗ ಎದಿಗೆ ಬಿಗದು ಕಟ್ಟಿಕೊಂಡು, ಅದೇ ಕೊಡ ತಗೊಂಡು ನೀರಿಗೆ ಹೋದೆ.