ನಾನು ಬಿಚ್ಚಿದ ಹಗ್ಗ

ಆ ಹಗ್ಗ ಬಿಚ್ಚಿದವಳು ನಾನು, ಶಾಹೀನಾ. ನೀನು ಗುಂಡಿಗೆ ಬಿದ್ದ ಮೇಲೆ, ಜನ ಓಡಿ ಬರುವ ಮೊದಲೇ, ಅದನ್ನು ಮತ್ತೆ ಕಟ್ಟಿದವಳೂ ನಾನೇ. ಬಿಚ್ಚಿದ್ದನ್ನು ಬೇಕಾದರೆ ತಪ್ಪು ಎನ್ನು. ಕಟ್ಟಿದ್ದು ತಪ್ಪಲ್ಲ — ಅದು ಮೋಸ. ಗೊತ್ತಿದ್ದೇ ಮಾಡಿದ ಮೋಸ.

ತೊಂಬತ್ತರ ದಶಕದ ಕೊನೆಯ ಆ ಬೇಸಿಗೆಯಲ್ಲಿ ನಾನು ಬಿ.ಎ. ಓದುತ್ತಿದ್ದೆ. ಕೊಟ್ಟೂರಿನ ಕಿರಾಣಿ ವ್ಯಾಪಾರಿಯ ಮಗಳು. ಹರಪನಹಳ್ಳಿಯ ಒಂದು ಶಾಲೆಯಲ್ಲಿ ಕಣ್ಣು ಕಾಣದ ಹುಡುಗ ಹುಡುಗಿಯರಿಗೆ ಶಿಬಿರ ನಡೆಯುತ್ತದೆ, ಸ್ವಯಂಸೇವಕಿಯರು ಬೇಕು ಎಂದಾಗ ಕುಣಿದುಕೊಂಡು ಹೋದೆ. ಸೇವೆ ಮಾಡಲು ಎಂದುಕೊಂಡಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ — ಹೊಗಳಿಸಿಕೊಳ್ಳಲು ಹೋಗಿದ್ದೆ, ಅಷ್ಟೇ.

ಹೂವಿನಹಡಗಲಿಯಿಂದ ನೀನು ಬಂದಿದ್ದೆ. ಮೋಟಾರ್ ಮೆಕ್ಯಾನಿಕ್ ಬಾಷಾ ಸಾಹೇಬರ ಮಗಳು, ಹದಿನಾರರ ಹುಡುಗಿ. ಮನೆಯಿಂದ ದೂರ ಮಗಳನ್ನು ಬಿಡಲು ನಿನ್ನ ಅಪ್ಪನಿಗೆ ಮನಸ್ಸೇ ಇರಲಿಲ್ಲ. ಈ ಶಿಬಿರದಲ್ಲಿ ಒಬ್ಬಳೇ ಇದ್ದು ತೋರಿಸಿದರೆ ಜೂನ್‌ನಲ್ಲಿ ದಾವಣಗೆರೆಯ ವಸತಿಶಾಲೆಗೆ ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ಅದನ್ನು ನೀನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದೆ.

ಕೋಣೆಯ ಜಗಲಿಯ ಕಂಬದಿಂದ ಬೇವಿನ ಮರಕ್ಕೆ, ಅಲ್ಲಿಂದ ತಿರುಗಿ ನಲ್ಲಿಯ ಕಟ್ಟೆಗೆ ನಾವು ಹಗ್ಗ ಕಟ್ಟಿದ್ದೆವು. ಅದನ್ನು ಹಿಡಿದು ನೀವು ಯಾರ ಹಂಗೂ ಇಲ್ಲದೆ ಓಡಾಡುತ್ತಿದ್ದಿರಿ. ತಿರುಗಬೇಕೆಂದು ಕೈಗೆ ತಿಳಿಯಲಿ ಎಂದು ತಿರುವಿನಲ್ಲಿ ಒಂದು ಬಟ್ಟೆಯ ಗಂಟು. ಆ ಮರದ ಆಚೆಗೆ ನೀರಿನ ತೊಟ್ಟಿಗೆಂದು ಅಗೆದು ಬಿಟ್ಟಿದ್ದ ಗುಂಡಿ ಇತ್ತು. ಹಗ್ಗದ ಕಾನೂನು ಮಾಡಿದವಳು ನೀನೇ. "ಅಕ್ಕಾರ, ಹಗ್ಗ ಮುಟ್ಟಿದ್ರ ಬಾಯಿಬಿಟ್ಟು ಎಲ್ಲಾರಿಗೂ ಹೇಳಬೇಕ್ರಿ. ನಿಮಗ ಕಾಣ್ತೈತಿ. ನಾವು ನಂಬಿ ನಡೀತೀವಿ." ನಾನು ಹೂಂ ಅಂದಿದ್ದೆ.

ಸಮಾರೋಪದ ದಿನ ಅತಿಥಿಗಳ ಜೀಪು ಒಳಗೆ ಬರಬೇಕಿತ್ತು. ಶಿಬಿರದ ಕಾರ್ಯದರ್ಶಿ ಬೆವರು ಒರೆಸಿಕೊಳ್ಳುತ್ತ ಬಂದರು. "ಗಿರಿಜಾ, ಆ ಹಗ್ಗ ಬಿಚ್ಚವಾ. ದನದ ಕೊಟ್ಟಿಗಿ ಕಂಡಂಗ ಕಾಣ್ತೈತಿ." ಕೊಟ್ಟಿಗೆಯಂತೆ! ಆ ಮಾತಿಗೆ ಆಗ ನನಗೆ ಸಿಟ್ಟು ಬರಲಿಲ್ಲ. ಈಗ ಬರುವ ಸಿಟ್ಟಿನಿಂದ ಯಾರಿಗೇನು ಉಪಯೋಗ? ಕಂಬದಿಂದ ಮರದವರೆಗಿನ ಹಗ್ಗ ಬಿಚ್ಚಿದೆ. ಯಾರಿಗೂ ಹೇಳಲಿಲ್ಲ. ನೀವೆಲ್ಲ ಸಭಾಂಗಣದಲ್ಲಿ ಸ್ವಾಗತಗೀತೆಗೆ ಕೂತಿದ್ದೀರಿ ಅಂದುಕೊಂಡೆ — ಅಂದುಕೊಂಡೆ, ಎಣಿಸಿ ನೋಡಲಿಲ್ಲ. ಜೀಪು ಒಳಗೆ ಬಂದಿತು. ಆಗಲೇ ಕಟ್ಟಿದ್ದರೆ... ಆದರೆ ಫೋಟೋದವನು ಸ್ವಯಂಸೇವಕಿಯರನ್ನು ಕರೆದ. ಸೆರಗು ಸರಿಮಾಡಿಕೊಂಡು ಹೋಗಿ ಅತಿಥಿಗಳ ಪಕ್ಕ ನಿಂತೆ.

ಫೋಟೋ ಮುಗಿಸಿ ಉಳಿದವರೆಲ್ಲ ಒಳಗೆ ಹೋದರು. ಹಗ್ಗ ಕಟ್ಟಲೆಂದು ತಿರುಗಿದೆ. ಆಗಲೇ ನಿನ್ನ ಚೀರಾಟ ಕೇಳಿಸಿತು. ಮುಖ ತೊಳೆಯಲು ನೀನು ಕೋಣೆಯಿಂದ ಹೊರಟಿದ್ದೆ. ಹಗ್ಗ ಕೈಗೆ ಸಿಗದೆ, ಇನ್ನೊಂದು ಹೆಜ್ಜೆಗೆ ಸಿಕ್ಕೀತು, ಇನ್ನೊಂದು ಹೆಜ್ಜೆಗೆ ಸಿಕ್ಕೀತು ಎಂದು ಮರವನ್ನೂ ದಾಟಿ ಹೋಗಿದ್ದೆ. ನಾನು ಓಡಿದೆ, ಶಾಹೀನಾ. ನಿನ್ನ ಕಡೆಗಲ್ಲ — ಹಗ್ಗದ ಕಡೆಗೆ. ಅದೂ ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ. ನನ್ನ ಹೆಜ್ಜೆ ಸಪ್ಪಳ ನಿನಗೆ ಗೊತ್ತಿತ್ತಲ್ಲ. ನೀನು ಗುಂಡಿಯಲ್ಲಿ ನರಳುತ್ತಿರುವಾಗ ನಾನು ಉಸಿರು ಬಿಗಿಹಿಡಿದು ಕಂಬಕ್ಕೆ ಗಂಟು ಹಾಕಿದೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಸಪ್ಪಳ ಮಾಡುತ್ತ, "ಅಯ್ಯೋ ಏನಾತು" ಎನ್ನುತ್ತ ನಿನ್ನ ಹತ್ತಿರ ಬಂದೆ.

ಜನ ಓಡಿ ಬಂದು ನಿನ್ನನ್ನು ಮೇಲೆತ್ತಿ ಮರದ ಬುಡದಲ್ಲಿ ಕೂರಿಸಿದರು. ನಿನ್ನ ಮಣಿಕಟ್ಟು ಮುರಿದಿತ್ತು. ನೋವಿಗಿಂತ ಹೆಚ್ಚು ಸಿಟ್ಟಿತ್ತು ನಿನಗೆ. "ಹಗ್ಗ ಇರಲಿಲ್ಲ! ಯಾರೋ ಬಿಚ್ಚ್ಯಾರ! ಯಾರಂತ ಹೇಳ್ರಿ!" ಎಂದು ಒದರಿದೆ. ಸುತ್ತ ನಿಂತವರೆಲ್ಲ ಹಗ್ಗ ನೋಡಿದರು. ಅದು ಇದ್ದಲ್ಲೇ ಇತ್ತು. ನಾನು ನಿನ್ನ ನೆಟ್ಟಗಿದ್ದ ಕೈಯನ್ನು ಎಳೆದು ಅದರ ಮೇಲಿಟ್ಟೆ. "ಇಲ್ಲೇ ಐತಲ್ಲವಾ. ನೀನ ಕೈ ಬಿಟ್ಟಿರಬೇಕು."

ನೀನು ಹಗ್ಗ ಸವರಿದೆ. ಸವರಿ ಕೈಯನ್ನು ಹಿಂದಕ್ಕೆಳೆದುಕೊಂಡೆ.

ಕಾರ್ಯದರ್ಶಿ ಅತಿಥಿಗಳಿಗೆ, "ಪಾಪ, ಕಣ್ಣಿಲ್ಲದ ಹುಡುಗಿ, ಗಾಬರಿ ಆಗ್ಯಾಳ್ರಿ" ಎಂದರು. ಎಲ್ಲರೂ ಲೊಚಗುಟ್ಟಿದರು. ಬಾಳೆಹಣ್ಣು ಹಂಚಿದರು. ನಿನ್ನನ್ನು ಆಸ್ಪತ್ರೆಗೆ ಕರೆದೊಯ್ದವಳು ನಾನೆಂದು ವೇದಿಕೆಯಲ್ಲಿ ನನ್ನ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದರಂತೆ. ಥೂ!

ಮರುದಿನ ನಿನ್ನ ಅಪ್ಪ ಬಂದರು. ಗ್ರೀಸಿನ ಕೈಯನ್ನು ಅಂಗಿಗೆ ಒರೆಸಿಕೊಂಡು ನನ್ನನ್ನೇ ಕೇಳಿದರು, "ಮೇಡಂ, ನೀವು ಖರೇ ಹೇಳ್ರಿ. ಹಗ್ಗ ಇತ್ತೇನ್ರಿ?" ಇತ್ತು ಅಂದೆ. ಅವರು ನಿನ್ನ ಕಡೆ ತಿರುಗಿದರು. "ಹಗ್ಗ ಇದ್ದೂ ಬಿದ್ದಿ ಅಂದ್ರ, ದಾವಣಗೇರ್‍ಯಾಗ ಏನು ಮಾಡ್ತಿ ಬೇಟಾ? ನಡಿ ಮನಿಗೆ." ಅಲ್ಲಿಗೆ ಶಾಲೆ ಮುಗಿಯಿತು. ನಾನು ನಿನ್ನ ಚೀಲವನ್ನು ಬಸ್ಸಿನವರೆಗೆ ಹೊತ್ತು ತಂದೆ. ಅಷ್ಟು ಒಳ್ಳೆಯವಳು ನಾನು!

ಇಷ್ಟು ವರ್ಷ ಇದನ್ನು ನುಂಗಿಕೊಂಡೇ ಇದ್ದೆ. ಹೋದ ತಿಂಗಳು ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನ ಜೊತೆ ಚಿಲ್ಲರೆಗಾಗಿ ಜಗಳವಾಡುತ್ತಿದ್ದೆ. ಹಿಂದಿನಿಂದ, "ಗಿರಿಜಕ್ಕ ಅಲ್ಲೇನ್ರಿ?" ಎಂಬ ದನಿ. ನೀನು ನಿನ್ನ ತಾಯಿಯ ತೋಳು ಹಿಡಿದು ನಿಂತಿದ್ದೆ.

"ಅವತ್ತು ನಿಮ್ಮ ಮುಂದೆಲ್ಲ ಸುಮ್ಮನ ಒದರ್‍ಯಾಡಿದ್ನಿ ಅಕ್ಕಾರ. ಆಮ್ಯಾಲೆ ವಿಚಾರ ಮಾಡಿದ್ನಿ. ನನ್ನ ಕೈನ ತಪ್ಪೈತಿ. ಈಗ ಅಂಗಳಕ್ಕ ಹೋಗಬೇಕಂದ್ರೂ ಅಮ್ಮೀನ ಕರೀತೀನ್ರಿ. ಕೈ ಮ್ಯಾಲೆ ನಂಬಿಕಿ ಇಲ್ಲ."

ನಾನು ಏನಂದೆ ನೆನಪಿದೆಯೇ? "ಇರಲಿ ಬಿಡವಾ" ಅಂದೆ. ನಾನು ಮಾಡಿದ್ದಕ್ಕೆ ನಿನ್ನನ್ನು ಕ್ಷಮಿಸಿದೆ! ಬಸ್ಸು ಹತ್ತಿ ಕೂತೆ. ಮಣಿಕಟ್ಟು ಗುಂಡಿಯಲ್ಲಿ ಮುರಿಯಿತು, ಕೂಡಿಕೊಂಡಿತು. ಆದರೆ ನಿನ್ನ ಕೈಯನ್ನು ಎಳೆದು ಆ ಹಗ್ಗದ ಮೇಲೆ ಇಟ್ಟೆನಲ್ಲ, ಆಗ ಮುರಿದದ್ದು —

ಈ ಕಾಗದವನ್ನು ಬೇರೆ ಯಾರೋ ನಿನಗೆ ಓದಿ ಹೇಳುವುದು ಬೇಡ. ಈ ಭಾನುವಾರ ಹಡಗಲಿಗೆ ಬರುತ್ತೇನೆ. ನಿಮ್ಮ ಗ್ಯಾರೇಜಿನ ಬಾಗಿಲಲ್ಲೇ, ನಿನ್ನ ಅಪ್ಪನ ಎದುರಿಗೇ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ನೀನು ಥಟ್ಟನೆ ಕೊಟ್ಟುಬಿಡುತ್ತೀ, ಬಸ್‌ಸ್ಟ್ಯಾಂಡಿನಲ್ಲಿ ನೋಡಿದ್ದೇನೆ. ಅವತ್ತು ಒದರಿದ ಹಾಗೆ ಒದರು. ಯಾರು ಬಿಚ್ಚಿದರು ಹೇಳಿ ಎಂದು ಇನ್ನೊಮ್ಮೆ ಕೇಳು. ಈ ಸಲ ಚಪ್ಪಲಿಯ ಸಪ್ಪಳ ಮಾಡುತ್ತಲೇ ಬರುತ್ತೇನೆ.

ನಿನ್ನ ಕೈ ತಪ್ಪಿರಲಿಲ್ಲ, ಶಾಹೀನಾ. ಹಗ್ಗ ಇರಲಿಲ್ಲ.