ಕೆಂಗೇರಿಯ ಪರಂಗಿ ಪಾದ್ರಿ

ಕೆಂಗೇರಿ ಆಗ ಇನ್ನೂ ಹಳ್ಳಿ. ರೇಷನ್ ಕಾರ್ಡಿಗೆ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ನನ್ನನ್ನು ಅಲ್ಲಿಗೆ ಕಳಿಸಿದ್ದರು. ಬೆಳಗಿನಿಂದ ಮನೆಮನೆ ಸುತ್ತಿ ಕಾಲು ಸೋತಿತ್ತು. ಕೊನೆಗೆ ಜನರಿಗೆ ಔಷಧಿ ಕೊಡುತ್ತಿದ್ದ ಬಿಳಿಯ ಪಾದ್ರಿಯ ಮನೆ ಸಿಕ್ಕಿತು. ಜೊತೆಗಿದ್ದ ಶಾನುಭೋಗರು ಹೇಳಿದಂತೆ ಅವರ ಹೆಸರಿನ ಮುಂದೆ 'ಪರಂಗಿಯವರು' ಎಂದು ಬರೆದೆ.

ಪಾದ್ರಿ ಬಗ್ಗಿ ಓದಿದರು. "ಅದು ಫ್ರಾನ್ಸ್ ಕಡೆಯ ಫ್ರಾಂಕರ ಹೆಸರು, ಸ್ವಾಮಿ. ಅರಬರ ಬಾಯಲ್ಲಿ ಫರಂಗಿ ಆಯ್ತು, ನಿಮ್ಮಲ್ಲಿ ಪರಂಗಿ. ನಾನು ಸ್ಪೇನಿನವನು."

"ಬಿಳೀ ತೊಗಲಿನೋರೆಲ್ಲ ನಮಗೆ ಪರಂಗಿಯೋರೇ, ಬಿಡಿ," ಅಂದರು ಶಾನುಭೋಗರು.

ಪಾದ್ರಿ ನಗಲಿಲ್ಲ. "ಇನ್ನು ನಾನು ಊರಿಗೆ ಹೋಗೋದಿಲ್ಲ. ಕಾಗದದಲ್ಲಾದರೂ ನನ್ನ ದೇಶ ಇರಲಿ."

ಚಿತ್ತು ಮಾಡಿದರೆ ಇಡೀ ಹಾಳೆ ಮತ್ತೆ ಬರೆಯಬೇಕೆಂಬುದು ನಮ್ಮ ಆಫೀಸಿನ ನಿಯಮ. ಆಗಲೇ ಹಾಳೆ ತುಂಬ ಹೆಸರುಗಳಿದ್ದವು. ನಿಟ್ಟುಸಿರು ಬಿಟ್ಟು, ಬರೆದದ್ದನ್ನು ಹೊಡೆದುಹಾಕಿ 'ಸ್ಪೇನಿನವರು' ಎಂದು ಬರೆದೆ.

"ಇಷ್ಟಕ್ಕೆಲ್ಲ ಯಾಕೆ ಒದ್ದಾಡ್ತೀರಿ?" ಎಂದರು ಶಾನುಭೋಗರು ದಾರಿಯಲ್ಲಿ.

ಆ ರಾತ್ರಿ ಕೂತು ಎಲ್ಲ ಹೆಸರುಗಳನ್ನೂ ಹೊಸ ಹಾಳೆಗೆ ಮತ್ತೆ ಬರೆದೆ. ಈ ಕೆಲಸಕ್ಕೆ ಬರುವ ಮುಂಚೆ ಮೂರು ವರ್ಷ ದೆಹಲಿಯಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿ ನನ್ನನ್ನು ಮದರಾಸಿ ಎಂದು ಬರೆದುಕೊಂಡವರು ಯಾರೂ ಹಾಳೆ ಬದಲಿಸಿರಲಿಲ್ಲ.